ಒಂದು ಬಿಟ್ಟು ಒಂದು ಏಟು

“ಸಿಸ್ಟರ್ರೀ! ಜಲ್ದಿ ಬರ್ರಿ! ಮಷೀನು ಕೆಟ್ಟೈತ್ರೀ!”

ಮೂರು ತಿಂಗಳ ಹಿಂದೆ ಬೆಂಗಳೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ಹೀಗೆ ಕೂಗಿದವನು ನಮ್ಮ ಬಸಣ್ಣ. ನನ್ನ ತಂಗಿ ಗಿರಿಜಾಳ ಗಂಡ. ಯಶವಂತನಗರದ ಹತ್ತಿರದ ಗಣಿಯಲ್ಲಿ ಪಂಪ್ ಆಪರೇಟರ್. ಅದಿರಿನ ಗುಂಡಿಯಲ್ಲಿ ನಿಂತ ನೀರನ್ನು ಮೇಲೆತ್ತಿ ಹಾಕುವುದು ಕೆಲಸ. ಸದ್ದು ಕೇಳಿಯೇ ಪಂಪಿನ ರೋಗ ಹೇಳುತ್ತಾನೆ. (ಹೊಸಪೇಟೆಯ ನಮ್ಮ ಮನೆ ಮಿಕ್ಸಿಗೂ ಅವನೇ ಡಾಕ್ಟರು.)

ಗಿರಿಜಾಳಿಗೆ ಹೃದಯದ ಮಾಂಸ ದಪ್ಪವಾಗಿ, ರಕ್ತ ಹೊರಬೀಳುವ ದಾರಿಗೇ ಅಡ್ಡ ಬಂದಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಎದೆ ತೆರೆದು ಆ ಹೆಚ್ಚಿನ ಮಾಂಸವನ್ನು ಕೆತ್ತಿ ತೆಗೆದರು. ಆಪರೇಷನ್ ಸರಿಯಾಗಿಯೇ ಆಯಿತು. ಹೃದಯ ಮಾತ್ರ ದಣಿದು ಕೂತುಬಿಟ್ಟಿತು. ಬಿಪಿ ಕುಸಿಯಿತು, ಕೈಕಾಲು ತಣ್ಣಗಾದವು. ಡಾಕ್ಟರುಗಳು ಇದಕ್ಕೆ ಶಾಕ್ ಅನ್ನುತ್ತಾರಂತೆ. ತೊಡೆಯ ರಕ್ತನಾಳದಿಂದ ಎದೆಯವರೆಗೆ ಒಂದು ಉದ್ದನೆಯ ಬಲೂನು ತೂರಿಸಿದರು. ಮಂಚದ ಪಕ್ಕದ ಯಂತ್ರ ಹೃದಯದ ಪ್ರತಿ ಬಡಿತಕ್ಕೂ ಅದನ್ನು ಉಬ್ಬಿಸಿ ಇಳಿಸುತ್ತಿತ್ತು. ಟಕ್, ಟಕ್, ಟಕ್.

“ಇದು ನಿಂತ್ರ ಗಿರಿಜಾ ಇರ್ತಾಳೇನಕ್ಕಾ?” ಬಸಣ್ಣ ಕೇಳಿದ್ದ.

ದಿನಕ್ಕೆರಡು ಸಲ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ನಾನು ಹೋದರೆ ತಂಗಿಯ ಮುಖ ನೋಡುತ್ತಿದ್ದೆ. ಅವನು? ಕಣ್ಣು ಮುಚ್ಚಿ ಯಂತ್ರ ಕೇಳುತ್ತಿದ್ದ. ಹೊರಬಂದು, “ಪಂಪು ಮಸ್ತ್ ಐತಿ” ಅನ್ನುತ್ತಿದ್ದ. ಊರಿಗೆ ಅದೇ ನಮ್ಮ ಬುಲೆಟಿನ್.

ಮೂರನೇ ದಿನ ಬೆಳಿಗ್ಗೆ ಸದ್ದು ಬದಲಾಗಿತ್ತು. ಟಕ್. ಮೌನ. ಟಕ್. ಮೌನ. ಅದಕ್ಕೇ ಆ ಕೂಗು. ಬಾಗಿಲ ಗಾಜಿನ ಆಚೆ ನಿಂತಿದ್ದ ನಾನು ಸೀದಾ ಒಳಗೆ ನುಗ್ಗಿದೆ.

ಹಿರಿಯ ನರ್ಸ್ ಓಡಿ ಬಂದು ಯಂತ್ರ ನೋಡಿದರು. ಆಮೇಲೆ ಅವನನ್ನು ನೋಡಿದರು.

“ಏನ್ರೀ ಆಗಿದೆ?”

“ಒಂದು ಬಿಟ್ಟು ಒಂದು ಏಟು ಹೊಡಿತೈತ್ರೀ. ನಮ್ಮ ಗಣ್ಯಾಗ ಹಿಂಗಾದ್ರ ಗುಂಡಿ ತುಂಬಿ ಹೋಗ್ತೈತಿ!”

“ನಾವೇ ಯಂತ್ರದ ಏಟು ಕಡಿಮೆ ಮಾಡಿದ್ದು. ನಡುವಿನ ಏಟು ನಿಮ್ಮ ಹೆಂಡತಿದು.”

ಬಸಣ್ಣ ಮಾನಿಟರ್ ನೋಡಿದ. ಬಿಪಿ ಒಂದಿಷ್ಟೂ ಇಳಿದಿರಲಿಲ್ಲ. ಗಿರಿಜಾ ಕಣ್ಣು ತೆರೆದಳು.

“ಯಾಕ ಒದರ್ತೀರಿ? ಇದೇನು ನಿಮ್ಮ ಗಣಿ ಅಂತ ತಿಳಿದೀರೇನು?”

ಅಬ್ಬಾ! ಬೈಗುಳ ಇಷ್ಟು ಸಿಹಿ ಅಂತ ಯಾರಿಗೆ ಗೊತ್ತಿತ್ತು? ಮಧ್ಯಾಹ್ನ ಮೂರಕ್ಕೊಂದು ಏಟು ಮಾಡಿದರು. ಮರುದಿನ ಯಂತ್ರ ನಿಲ್ಲಿಸಿ ಬಲೂನು ತೆಗೆದರು.

ನಮ್ಮೂರಲ್ಲಿ ಈಗ ಯಾವುದೂ ನಿಲ್ಲಬಾರದು. ಲಾರಿ ನಿಲ್ಲಬಾರದು, ಕ್ರಷರ್ ನಿಲ್ಲಬಾರದು. ನಾನಾದರೂ ಏನು ಕಡಿಮೆ? ಮಗಳು ಚಪಾತಿ ಲಟ್ಟಿಸಲು ಕೂತರೆ ಲಟ್ಟಣಿಗೆ ಕಸಿದುಕೊಳ್ಳುವವಳು. ಈಗ ಎರಡರಲ್ಲಿ ಒಂದನ್ನು ಅವಳಿಗೆ ಬಿಡುತ್ತೇನೆ. (ಇನ್ನೂ ಆಂಧ್ರದ ನಕ್ಷೆಯ ಹಾಗೇ ಬರುತ್ತದೆ. ಬರಲಿ.)

ಮೊನ್ನೆ ಭಾನುವಾರ ಗಿರಿಜಾ ಹಂಪಿಯಲ್ಲಿ ಹೇಮಕೂಟದ ಬಂಡೆ ಹತ್ತಿ, ಮೇಲೆ ಕೂತು ಮಂಡಕ್ಕಿ ತಿಂದಳು. ಸೋಮವಾರ ಬಸಣ್ಣ ಕಂಪನಿ ಬಸ್ಸಿನ ತುಂಬಾ ಪೇಡಾ ಹಂಚಿದನಂತೆ.

ಪಂಪು ನಿಂತಿತೆಂದು ಪೇಡಾ ಹಂಚಿದ ಪಂಪ್ ಆಪರೇಟರನ್ನು ನೀವೆಲ್ಲಾದರೂ ಕಂಡಿದ್ದೀರಾ?