ಏಳು ಗಂಟೆ ಹನ್ನೆರಡು ನಿಮಿಷ

ಪೀಣ್ಯದ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ನೋಡುವುದೇ ನನ್ನ ಕೆಲಸ. ಅಲ್ಲಿ ಕೂತವನಿಗೆ ಮನುಷ್ಯರ ಮೇಲೆ ಗೌರವ ಉಳಿಯುವುದು ಕಷ್ಟ. ಮೆಟ್ರೊ ನಿಂತುಹೋಯಿತು, ಗಾಡಿ ಪಂಕ್ಚರ್ ಆಯಿತು, ಫೋನ್ ಮಾಡೋಣವೆಂದರೆ ನೆಟ್‌ವರ್ಕ್ ಇರಲಿಲ್ಲ ಸಾರ್. ಒಬ್ಬ ಜೋರು ಮಳೆ ಎಂದ. ನಾನು ಎದ್ದುಹೋಗಿ ಕಿಟಕಿ ತೆಗೆದು ಬಿಸಿಲು ತೋರಿಸಿದೆ. ನಾಚಿಕೆಯಿಲ್ಲದೆ ಹಲ್ಲುಕಿರಿದ.

ಅಣ್ಣನ ವಿಷಯದಲ್ಲೂ ನನ್ನದು ಅದೇ ಧೋರಣೆ. ಮಾಕಳಿಯಲ್ಲಿ ಅಪ್ಪ ರಾಗಿ ಬೆಳೆದ ಹೊಲದಲ್ಲಿ ಅವನು ಬಾಡಿಗೆ ಮನೆಗಳನ್ನು ಬೆಳೆದಿದ್ದ. ಬೆಳಗ್ಗೆ ಮೋಟರ್ ಹಾಕಿ ಟ್ಯಾಂಕ್ ತುಂಬಿಸಿದರೆ ಅವನ ದಿನದ ದುಡಿಮೆ ಮುಗಿಯಿತು. ಸಂಜೆ ಎರಡು ಪೆಗ್. ಡಾಕ್ಟರು ಬರೆದುಕೊಟ್ಟ ಬಿಪಿ ಮಾತ್ರೆಯನ್ನು ಎರಡು ತಿಂಗಳು ನುಂಗಿ, ಬಿಪಿ ನಾರ್ಮಲ್ ಬಂತು ಎಂದು ನಿಲ್ಲಿಸಿಬಿಟ್ಟ.

"ಮಾತ್ರೆ ನುಂಗಿದ್ದಕ್ಕೇ ಕಣಣ್ಣ ನಾರ್ಮಲ್ ಬಂದಿರೋದು," ಎಂದೆ.

"ವಾಸಿಯಾದ್ ಮ್ಯಾಲೂ ನುಂಗಾಕೆ ನಾನೇನ್ ಮುದುಕ್ನೇನ್ಲಾ?" ಎಂದ.

ಇಂಥ ಬುದ್ಧಿವಂತರಿಗೆ ಏನು ಹೇಳುವುದು? ಹೇಳುವುದನ್ನೇ ಬಿಟ್ಟೆ.

ಆ ಭಾನುವಾರ ಬೆಳಗ್ಗೆ ನಾನು ದಾಸರಹಳ್ಳಿಯ ನಮ್ಮ ಮನೆಯಲ್ಲಿ ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ. ಅಣ್ಣನ ಫೋನ್ ಬಂತು. ಎತ್ತಿದರೆ ಮಾತು ನಾಲಿಗೆಗೆ ಅಂಟಿಕೊಂಡಂತೆ ಬರುತ್ತಿತ್ತು. 'ತಮ್ಮಾ' ಎಂಬುದರ ಅರ್ಧ, 'ಕೈ' ಎಂಬಂಥದ್ದೇನೋ ಒಂದು, ಆಮೇಲೆ ಬರೀ ಉಸಿರು. ಹಿಂದಿನ ದಿನ ಅವನು ಬೀಗರೂಟಕ್ಕೆ ಹೋಗಿದ್ದು ನನಗೆ ಗೊತ್ತಿತ್ತು. ಅಷ್ಟು ಸಾಕಾಯಿತು.

"ಏನಣ್ಣ, ಬೆಳಬೆಳಗ್ಗೇನೇ ಹಾಕ್ಬಿಟ್ಯಾ? ಇಳಿದ್ಮೇಲೆ ಫೋನ್ ಮಾಡು," ಎಂದು ಕಟ್ ಮಾಡಿ ಮಗ್ಗುಲು ಬದಲಿಸಿದೆ. ಒಳ್ಳೆಯ ನಿದ್ದೆ ಬಂತು.

ಹನ್ನೊಂದೂವರೆಗೆ ಅತ್ತಿಗೆ ಫೋನ್ ಮಾಡಿದರು. "ನಿಮ್ಮಣ್ಣಂಗೆ ಲಕ್ವ ಹೊಡ್ದೈತೆ ಕಣಪ್ಪ, ಬಾ."

ಮಾಕಳಿಗೆ ಹೋಗಿ ನೋಡಿದರೆ ಮನೆ ತುಂಬ ವೈದ್ಯರು. ಬೆರಳಿಗೆ ಸೂಜಿ ಚುಚ್ಚಬೇಕು ಎಂದು ವಾಟ್ಸಾಪ್ ತೋರಿಸುವವನೊಬ್ಬ, ಗಾಳಿ ಸೋಕಿದೆ, ಬೂದಿ ಹಚ್ಚಿ ಎನ್ನುವವಳೊಬ್ಬಳು. ನಡೆದದ್ದು ಇಷ್ಟು: ಅಣ್ಣ ಟೆರೇಸಿನ ಮೆಟ್ಟಿಲ ಮೇಲೆ, ಮೋಟರ್ ಸ್ವಿಚ್ಚಿನ ಕೆಳಗೆ ಕುಸಿದು ಕೂತಿದ್ದ. ಪಿತ್ತ ನೆತ್ತಿಗೇರಿದೆ ಎಂದು ಅತ್ತಿಗೆ ನಿಂಬೆರಸ ಕುಡಿಸಿದರು. ಅದು ಬಾಯಿಯ ಬಲಗಡೆಯಿಂದ ಹಾಗೇ ಸೋರಿತು. ಒಂಬತ್ತಕ್ಕೆ ಅತ್ತಿಗೆಯ ತಮ್ಮ ಬಂದ. ಇವನು ಎಲ್ಲ ಬಲ್ಲವನು. ಆಸ್ಪತ್ರೆಯವರ ಒಂದು ಇಂಜೆಕ್ಷನ್ ಬಿದ್ದರೂ ನಾಟಿ ಔಷಧಿ ಹತ್ತುವುದಿಲ್ಲ ಎಂದು ಎಲ್ಲರನ್ನೂ ತಡೆದು, ಊರೆಲ್ಲ ಸುತ್ತಿ ಎರಡು ಪಾರಿವಾಳ ತಂದ. ಅವನ್ನು ಕೊಯ್ದು ಬಿಸಿ ರಕ್ತವನ್ನು ಅಣ್ಣನ ಬಲಗೈಗೆ ಭುಜದಿಂದ ಬೆರಳಿನವರೆಗೆ ಹಚ್ಚಿದರು. ನಾನು ಹೋಗುವ ಹೊತ್ತಿಗೆ ಅದು ಒಣಗಿ, ಬಿರುಕುಬಿಟ್ಟು, ಮೊಣಕೈಯಲ್ಲಿ ಒಂದು ಪುಕ್ಕ ಅಂಟಿಕೊಂಡಿತ್ತು.

ಬಾಯಿಗೆ ಬಂದ ಹಾಗೆ ಬೈದೆ. ಫ್ಯಾಕ್ಟರಿಗೆ ಮೂರು ನಿಮಿಷ ತಡವಾದರೆ ಓಡುವ ಜನ ನೀವು, ಮನುಷ್ಯನ ಬಾಯಿ ಸೊಟ್ಟಗಾಗಿದ್ದರೂ ಹಕ್ಕಿ ಹಿಡಿಯಲು ಹೋಗಿದ್ದೀರಲ್ಲ, ತಲೆಯಲ್ಲಿ ಏನು ತುಂಬಿಕೊಂಡಿದ್ದೀರಿ ಎಂದೆ. ಬೈಯುತ್ತಿರುವಾಗಲೇ ಅಣ್ಣನ ಕಣ್ಣು ನನ್ನ ಮೇಲಿರುವುದು ಕಂಡಿತು. ಮಾತಿರಲಿಲ್ಲ, ಕಣ್ಣಿತ್ತು. ಬೆಳಗಿನ ಫೋನ್ ಏನೆಂಬುದು ಆಗ ಅರ್ಥವಾಯಿತು. ಬೈಯುವುದನ್ನು ಅಲ್ಲಿಗೇ ಬಿಟ್ಟು ಬಾಡಿಗೆ ಕಾರು ಹಿಡಿದು ಅವನನ್ನು ಹತ್ತಿಸಿದೆ.

ಕಾರಿನಲ್ಲಿ ಅತ್ತಿಗೆಯ ತಮ್ಮ ಎಲ್ಲರಿಗೂ ಪಾಠ ಹೇಳಿಕೊಟ್ಟ. "ಕೇಳಿದ್ರೆ ಅರ್ಧ ಗಂಟೆ ಆಯ್ತು ಅನ್ನಿ. ಬೆಳಗ್ಗಿಂದ ಅಂದ್ರೆ ಉಗೀತಾರೆ, ಸೇರಿಸ್ಕೊಳಲ್ಲ."

ತುಮಕೂರು ರಸ್ತೆಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮುಗಿಸಿ ಬಂದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕೂತಿದೆ. ಅದನ್ನ ಕರಗಿಸೋ ಇಂಜೆಕ್ಷನ್ ಇದೆ, ಆದ್ರೆ ಶುರುವಾಗಿ ನಾಲ್ಕೂವರೆ ಗಂಟೆ ಒಳಗೆ ಮಾತ್ರ ಕೊಡೋದು. ಮೀರಿದ್ ಮೇಲೆ ಕೊಟ್ರೆ ಮೆದುಳಲ್ಲಿ ರಕ್ತ ಸೋರಿ ಜೀವಕ್ಕೇ ಅಪಾಯ ಆಗ್ಬಹುದು. ಇವ್ರು ಕೊನೆಗೆ ಸರಿಯಾಗಿದ್ದಿದ್ದು ಎಷ್ಟ್ ಹೊತ್ತಿಗೆ? ನಿಜ ಹೇಳಿ."

"ಅರ್ಧ ಗಂಟೆ ಮೇಡಂ," ಎಂದ ಅತ್ತಿಗೆಯ ತಮ್ಮ. ಒಣಗಿದ ರಕ್ತ ಎದುರಿಗೇ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ದರಿದ್ರ ಸುಳ್ಳನ್ನು ನಾನು ಕೇಳಿರಲಿಲ್ಲ. ಅತ್ತಿಗೆ ಹೌದೆಂದು ತಲೆಯಾಡಿಸಿದರು. ಡಾಕ್ಟರು ನನ್ನ ಕಡೆ ನೋಡಿದರು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ನಲವತ್ತು.

ಜೇಬಿನಿಂದ ಫೋನ್ ತೆಗೆದು ತೋರಿಸಿದೆ. "ಏಳು ಹನ್ನೆರಡಕ್ಕೆ ನಂಗೆ ಫೋನ್ ಮಾಡಿದ್ದ ಮೇಡಂ. ಆಗ್ಲೇ ನಾಲಿಗೆ ತೊದಲ್ತಿತ್ತು."

"ಮತ್ತೆ ಆಗ್ಲೇ ಯಾಕ್ ಕರ್ಕೊಂಡ್ ಬರ್ಲಿಲ್ಲ ಸಾರ್?"

ಬಾಯಿ ತಾನಾಗಿಯೇ ತೆರೆಯಿತು. "ನೆಟ್‌ವರ್ಕ್ ಇರ್ಲಿಲ್ಲ ಮೇಡಂ. ಸರಿಯಾಗಿ ಕೇಳಿಸ್ಲಿಲ್ಲ."

ಅವರು ನನ್ನನ್ನು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತು. ನಾನು ದಿನಾ ಹಾಗೆಯೇ ನೋಡುತ್ತೇನೆ.

ಇಂಜೆಕ್ಷನ್ ಕೊಡಲಿಲ್ಲ. ಬೇರೆ ಔಷಧಿಗಳಿಂದ ಅಣ್ಣ ಬದುಕಿದ. ಈಗ ಕಾಲೆಳೆದುಕೊಂಡು ನಡೆಯುತ್ತಾನೆ, ಬಿಪಿ ಮಾತ್ರೆಯನ್ನು ತಪ್ಪದೆ ನುಂಗುತ್ತಾನೆ. ಬಲಗೈ ಬರಲಿಲ್ಲ. ಟ್ಯಾಂಕಿನ ಮೋಟರನ್ನು ಅತ್ತಿಗೆ ಹಾಕುತ್ತಾರೆ. "ನೀನ್ ಸುಮ್ಕಿದ್ದಿದ್ರೆ ಆ ಇಂಜೆಕ್ಷನ್ ಕೊಟ್ಟಿರೋರು, ಕೈ ಬಂದಿರೋದು," ಎಂದು ಅವರು ನನಗೆ ಎಷ್ಟು ಸಲ ಅಂದಿದ್ದಾರೋ. ಕೊಟ್ಟಿದ್ದರೆ ಸತ್ತೇಹೋಗುತ್ತಿದ್ದನೇನೋ ಎಂದು ವಿವರಿಸಲು ಹೋಗಿ ಸಾಕಾಗಿದೆ. ಅತ್ತಿಗೆಯ ತಮ್ಮನ ಪ್ರಕಾರವಂತೂ ಇನ್ನೊಂದು ಜೊತೆ ಪಾರಿವಾಳ ಸಿಕ್ಕಿದ್ದರೆ ಆಸ್ಪತ್ರೆಯೇ ಬೇಕಿರಲಿಲ್ಲ.

ಮಾತು ಕಲಿಸಲು ವಾರಕ್ಕೆರಡು ದಿನ ಒಬ್ಬರು ಬರುತ್ತಿದ್ದರು. ಆರನೇ ತಿಂಗಳಲ್ಲಿ ಒಂದು ಭಾನುವಾರ ನಾನು ಹೋದಾಗ ಅತ್ತಿಗೆ ಸಂಭ್ರಮದಿಂದ ಹೇಳಿದರು: "ನಿನ್ನೆಯಿಂದ ಒಂದೇ ಮಾತು ಹೇಳ್ತಾವ್ರೆ ಕಣಪ್ಪ. ನಂಗ್ ಅರ್ಥ ಆಯ್ತಿಲ್ಲ, ನೀನ್ ಕೇಳು."

ಅಣ್ಣ ನನ್ನನ್ನೇ ನೋಡುತ್ತ, ಒಂದೊಂದು ಅಕ್ಷರವನ್ನೂ ಎಡಗೈಯಲ್ಲಿ ತೊಡೆ ತಟ್ಟಿ ತಟ್ಟಿ ಹೊರಗೆ ತಂದ.

"ನಾನ್… ಕುಡ್ದಿರ್… ಲಿಲ್ಲ."

ಅತ್ತಿಗೆ ನಕ್ಕರು. "ಯಾರ್ರೀ ಅಂದೋರು ನಿಮ್ಮನ್ನ ಕುಡ್ದಿದ್ರು ಅಂತ?"

"ನಾನು," ಎಂದೆ.