ಪೆಟ್ಟಿಗೆಯಲ್ಲಿ ಐವತ್ತು ಕಮ್ಮಿ

ಪಂಪು, ಪೈಪು ಮಾರುವ ಆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ತಾಳೆಯಮ್ಮ ಎನ್ನುತ್ತಿದ್ದರು. ಲೆಕ್ಕ ತಾಳೆಯಾಗದೆ ಅವಳು ಸಂಜೆ ಕುರ್ಚಿ ಬಿಟ್ಟೆದ್ದದ್ದನ್ನು ಕಂಡವರಿಲ್ಲ. ಗಂಡ ಹೋದಮೇಲೆ ಇಬ್ಬರು ಮಕ್ಕಳನ್ನು ಅದೇ ಕುರ್ಚಿಯಲ್ಲಿ ಕೂತು ದಡ ಹತ್ತಿಸಿದವಳು. ಈಗ ಕಣ್ಣು ಕೈಕೊಟ್ಟಿತ್ತು. ಮೂರು ಬರೆದದ್ದು ಎಂಟಾಗಿ ಕಾಣುತ್ತಿತ್ತು. "ನಿಮ್ಮ ಜಾಗಕ್ಕೆ ನೀವೇ ಯಾರನ್ನಾದ್ರೂ ಆರಿಸಿಬಿಡಿ ಅಮ್ಮ" ಅಂದಿದ್ದರು ಯಜಮಾನರು.

ಆರಿಸಲು ಅವಳದೇ ಒಂದು ಪರೀಕ್ಷೆಯಿತ್ತು. ಹಳೆಯದೊಂದು ದಿನದ ಬಿಲ್ಲುಗಳು, ಖಾಲಿ ಪುಸ್ತಕ, ಆ ದಿನದ ನಗದಿನಷ್ಟು ಹಣವಿರುವ ತಗಡಿನ ಪೆಟ್ಟಿಗೆ. ಕೊಡುವ ಮುಂಚೆ ಪೆಟ್ಟಿಗೆಯಿಂದ ಐವತ್ತರ ಒಂದು ನೋಟು ತೆಗೆದು ತನ್ನ ಡ್ರಾಯರಿಗೆ ಹಾಕಿಕೊಳ್ಳುತ್ತಿದ್ದಳು. ಕೂಡಿ ಕಳೆಯುವುದನ್ನು ಯಾರು ಬೇಕಾದರೂ ಕಲಿತಾರು. ಕಮ್ಮಿ ಬಿದ್ದಾಗ ಬಾಯಿಬಿಟ್ಟು ಹೇಳುತ್ತಾರೋ ಇಲ್ಲವೋ, ಅವಳಿಗೆ ಬೇಕಿದ್ದದ್ದು ಅಷ್ಟೇ. ಯಜಮಾನರಿಗೂ ಇದು ಗೊತ್ತಿತ್ತು.

ಈ ಸಲ ಬಂದವರು ಮೂವರು. ಅವರಲ್ಲೊಬ್ಬ ಅವಳ ತಂಗಿಯ ಗಂಡ! ಅವನು ಲೆಕ್ಕ ಬರೆಯುತ್ತಿದ್ದ ಗೋದಾಮು ಬಾಗಿಲು ಹಾಕಿತ್ತು. ತಂಗಿ ಹಿಂದಿನ ದಿನವೇ ಬಂದು ಕಣ್ಣೀರು ಹಾಕಿದ್ದಳು. "ನಿನ್ನ ಶಿಫಾರಸು ಬೇಡ್ವಂತೆ ಅಕ್ಕ. ಎಲ್ಲರ ಹಾಗೆ ಕೂತು ಬರೀತಾರಂತೆ. ಇದೂ ಕೈತಪ್ಪಿದ್ರೆ ನಾವು ಮನೆ ಖಾಲಿ ಮಾಡ್ಬೇಕು." ಐವತ್ತರ ಗುಟ್ಟು ತಾಳೆಯಮ್ಮನ ನಾಲಗೆಯ ತುದಿಗೆ ಬಂದಿತ್ತು. ಅದನ್ನು ಹೇಳದೆ ಕಾಫಿ ಕೊಟ್ಟು ಕಳಿಸಿದ್ದಳು.

ಮೊದಲು ಕೂತವನು ಕೋಟು ತೊಟ್ಟು ಬಂದ ಮಹಾಶಯ. ಚಕಚಕನೆ ಮುಗಿಸಿ, ಕಮ್ಮಿಬಿದ್ದ ಐವತ್ತನ್ನು 'ಇತರೆ ಖರ್ಚು' ಎಂದು ಬರೆದು ಕೈತೊಳೆದುಕೊಂಡಿದ್ದ.

"ಯಾವ ಇತರೆ ಅಪ್ಪಾ ಇದು?"

"ಏನಾದ್ರೊಂದು ಇದ್ದೇ ಇರುತ್ತಲ್ಲ ಮೇಡಂ!"

"ಇರುತ್ತೆ, ಇರುತ್ತೆ. ಹೋಗ್ಬನ್ನಿ."

ಎರಡನೆಯವಳು ಆಗತಾನೆ ಓದು ಮುಗಿಸಿದ ಹುಡುಗಿ. ಎಣಿಸಿದಳು, ಮತ್ತೆ ಎಣಿಸಿದಳು, ಮೇಜಿನ ಕೆಳಗೂ ಬಗ್ಗಿ ಹುಡುಕಿದಳು. ಕೊನೆಗೆ ಅಳುಮೋರೆ ಮಾಡಿಕೊಂಡು, "ಐವತ್ತು ಕಮ್ಮಿ ಇದೆ ಅಮ್ಮ. ನಾನಂತೂ ತೆಗ್ದಿಲ್ಲ" ಅಂದಳು. ಅವಳ ಕೂಡುಲೆಕ್ಕದಲ್ಲಿ ಒಂದೆರಡು ತಪ್ಪಿದ್ದವು. ಇರಲಿ, ತಿದ್ದಬಹುದು.

ಆಮೇಲೆ ತಂಗಿಯ ಗಂಡ. ಎಂಥ ಅಚ್ಚುಕಟ್ಟು ಬರಹ! ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ತಾಳೆಯಮ್ಮ ಪೆಟ್ಟಿಗೆ ಎಣಿಸಿದಳು. ಸರಿಯಾಗಿತ್ತು. ಸರಿಯಾಗಿರುವುದು ಹೇಗೆ ಸಾಧ್ಯ? ಡ್ರಾಯರು ಎಳೆದು ನೋಡಿದಳು; ತಾನು ತೆಗೆದಿಟ್ಟ ಐವತ್ತು ಅಲ್ಲೇ ಇತ್ತು. ಆ ಗೋದಾಮಿನಲ್ಲಿ ನಗದು ಕಮ್ಮಿ ಬಿದ್ದರೆ ಬರೆಯುವವನೇ ಜೇಬಿನಿಂದ ತುಂಬಬೇಕಿತ್ತು ಎಂದು ತಂಗಿ ಎಷ್ಟು ಸಲ ಗೊಣಗಿರಲಿಲ್ಲ!

"ತಾಳೆ ಆಯ್ತಾ?"

"ಆಯ್ತು ಮೇಡಂ." ಮನೆಯಲ್ಲಿ ಅಕ್ಕ ಎನ್ನುವವನು ಇಲ್ಲಿ ಮೇಡಂ ಅನ್ನುತ್ತಿದ್ದ, ಪುಣ್ಯಾತ್ಮ.

"ಏನಾದ್ರೂ ಹೇಳೋದಿದ್ಯಾ? ಯೋಚ್ನೆ ಮಾಡಿ ಹೇಳಿ."

ಹೇಳೋ ಮಾರಾಯಾ, ಹೇಳು ಎಂದು ಅವಳ ಜೀವ ಬಡಿದುಕೊಳ್ಳುತ್ತಿತ್ತು. ಅವನು ಕರವಸ್ತ್ರದಿಂದ ಕತ್ತು ಒರೆಸಿಕೊಂಡ. "ಇಲ್ಲ ಮೇಡಂ, ಎಲ್ಲ ಸರಿಯಾಗಿದೆ."

ಅವನು ಹೊರಟುಹೋದಮೇಲೆ ಯಜಮಾನರು ಗಾಜಿನ ಕೋಣೆಯಿಂದ ಇಣುಕಿದರು. "ಕಮ್ಮಿ ಇದೆ ಅಂತ ಹೇಳಿದ್ಯಾರಮ್ಮ?"

ಹುಡುಗಿ, ತಂಗಿಯ ಗಂಡ ಇಬ್ಬರೂ ಹೇಳಿದರು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳ ಮಾತಿಗೆ ಆ ಅಂಗಡಿಯಲ್ಲಿ ಎದುರಿರಲಿಲ್ಲ. ಆದರೆ ಕಮ್ಮಿ ಬಿದ್ದದ್ದನ್ನು ಸದ್ದಿಲ್ಲದೆ ತುಂಬುವವನು ನಾಳೆ ಇನ್ನೇನನ್ನು ಸದ್ದಿಲ್ಲದೆ ಮುಚ್ಚಿಟ್ಟಾನು? ಇದನ್ನು ಯಜಮಾನರಿಗೆ ಕಲಿಸಿದವಳೇ ಅವಳು.

"ಆ ಹುಡುಗಿ ಒಬ್ಳೇ" ಅಂದಳು. ಅಂಗಡಿಯ ಐವತ್ತನ್ನು ಪೆಟ್ಟಿಗೆಗೆ ಮರಳಿಸಿ, ಅವನು ಹಾಕಿದ ನೋಟನ್ನು ಹೊರತೆಗೆದಳು. ನಾಲ್ಕು ಮಡಿಕೆ ಬಿದ್ದಿದ್ದ ಆ ನೋಟು ಎದ್ದು ಕಾಣುತ್ತಿತ್ತು.

ಕತ್ತಲಾಗುವ ಮುಂಚೆಯೇ ತಂಗಿಯ ಫೋನು ಬಂತು. ದನಿಯಲ್ಲಿ ಎಷ್ಟೋ ತಿಂಗಳಿಂದ ಕೇಳದ ಗೆಲುವು.

"ಅಕ್ಕಾ, ಎಲ್ಲ ತಾಳೆ ಆಯ್ತಂತೆ! ಈಗ ಫೋನ್ ಮಾಡಿದ್ರು. ಅಷ್ಟು ದೂರದಿಂದ ನಡ್ಕೊಂಡೇ ಬರ್ತಿದ್ದಾರೆ ನೋಡು. ಬಸ್ಸಿಗೆ ಅಂತ ಐವತ್ತು ಕೊಟ್ಟಿದ್ದೆ, ಎಲ್ಲೋ ಬೀಳಿಸ್ಕೊಂಡ್ರಂತೆ. ಹಾಳಾಗ್ಲಿ ಬಿಡು, ಕೆಲಸ ಸಿಕ್ತಲ್ಲ. ಸಿಕ್ತು ಅಲ್ವಾ?"

ಅವನ ನೋಟು ಇನ್ನೂ ತಾಳೆಯಮ್ಮನ ಅಂಗೈಯಲ್ಲೇ ಇತ್ತು. ಇದ್ದದ್ದನ್ನು ಇದ್ದಹಾಗೆ ಹೇಳಿ ಎಂದು ಬಂದವರಿಗೆಲ್ಲ ಪರೀಕ್ಷೆ ಇಟ್ಟವಳು ಅದರ ನಾಲ್ಕು ಮಡಿಕೆಗಳನ್ನು ನೀವುತ್ತ ಕೂತಳು.

"ಅಕ್ಕಾ? ಕೇಳಿಸ್ತಿದ್ಯಾ?" ಅನ್ನುತ್ತಲೇ ಇದ್ದಳು ತಂಗಿ.