ಬ್ಯಾಂಕಾಕಿನ ಕೋಸಂಬರಿ

ನಮ್ಮತ್ತೆ ಆರು ತಿಂಗಳು ಲಾಸ್ ಏಂಜಲೀಸಿನ ಪಕ್ಕದ ರೆಡೊಂಡೊ ಬೀಚಿನ ನಮ್ಮ ಮನೆಯಲ್ಲಿದ್ದರು. ನಾನು ಫ್ರಿಜ್ ತೆಗೆದರೆ ಸಾಕು, ಹಿಂದೆ ನಿಂತು ಮೂಸುತ್ತಿದ್ದರು. ರಂಜಾನ್ ಹಬ್ಬಕ್ಕೆ ಪಕ್ಕದ ಮನೆಯ ಮೈಸೂರಿನ ಆಂಟಿ ಶೀರ್ ಖುರ್ಮಾ ತಂದುಕೊಟ್ಟರು. ಹಾಲು, ಶಾವಿಗೆ, ಖರ್ಜೂರ, ಅಷ್ಟೇ. ಆಂಟಿ ನಮ್ಮ ಡ್ರೈವ್‌ವೇ ದಾಟುವ ಮೊದಲೇ ಅತ್ತೆ ಅದನ್ನು ಸಿಂಕಿಗೆ ಸುರಿದು, “ಯಾವ್ ಪಾತ್ರೇಲಿ ಮಾಡಿದ್ರೋ ಏನೋ” ಎಂದರು. ನಾನು ಬಟ್ಟಲು ತೊಳೆದಿಟ್ಟೆ. ಆದರೆ ಮರೆಯಲಿಲ್ಲ.

ಅವರನ್ನು ಬೆಂಗಳೂರಿಗೆ ಬಿಡಲು ಗಂಡನೂ ನಾನೂ ಹೊರಟಾಗ ದಾರಿಯಲ್ಲಿ ಒಂದು ದಿನ ಬ್ಯಾಂಕಾಕಿನಲ್ಲಿ ಇಳಿದೆವು. ಊಟ ಸಸ್ಯಾಹಾರಿಯೇ ಆಗಬೇಕು ಎಂದು ಮೊದಲೇ ಬರೆದು, ಗೈಡ್ ಸಮೇತ ವ್ಯಾನ್ ಬುಕ್ ಮಾಡಿದ್ದೆವು. ಗೈಡಿಗೆ ಐವತ್ತರ ಮೇಲೆ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ನಿಧಾನವಾದ ಇಂಗ್ಲಿಷ್. ಕೋವಿಡ್ಡಿನಲ್ಲಿ ಎರಡು ವರ್ಷ ಕೆಲಸವಿಲ್ಲದೆ ಬೀದಿಯಲ್ಲಿ ಬಾಳೆಹಣ್ಣು ಸುಟ್ಟು ಮಾರಿದನಂತೆ. “ನಿಮ್ಮ ಒಂದು ಕೆಟ್ಟ ರಿವ್ಯೂ ಬಂದರೆ ನಾಳೆ ಈ ಸೀಟಿನಲ್ಲಿ ಬೇರೆಯವನು ಕೂತಿರುತ್ತಾನೆ” ಎಂದು ನಕ್ಕ. ನಾವೂ ನಕ್ಕೆವು.

ಅರಮನೆಯ ಪ್ರಾಕಾರದ ಗೋಡೆಯುದ್ದಕ್ಕೂ ರಾಮಾಯಣದ ಚಿತ್ರಗಳಿದ್ದವು. ಅತ್ತೆ ಚಪ್ಪಲಿ ಬಿಟ್ಟು ಕೈಮುಗಿದರು. ತಮ್ಮ ದೇಶದ ಕಥೆಯಲ್ಲಿ ಹನುಮಂತನಿಗೆ ಹೆಂಡತಿಯರಿದ್ದಾರೆ ಎಂದು ಗೈಡ್ ಹೇಳಿದ್ದೇ ತಡ, ಅತ್ತೆ ಕೆಂಡವಾದರು. “ಇವನಿಗೆ ಹೇಳೋ, ಆಂಜನೇಯ ಬ್ರಹ್ಮಚಾರಿ ಅಂತ!” ಗಂಡ ಅನುವಾದಿಸಿದ. ಗೈಡ್ ಪಾಪ, ಹನುಮಂತನ ಪರವಾಗಿ ಕ್ಷಮೆ ಕೇಳಿದ.

ಮಧ್ಯಾಹ್ನ ಊಟಕ್ಕೆ ಹೊಳೆದಂಡೆಯ ಹೋಟೆಲ್. ಗಂಡ ಕೈ ತೊಳೆಯಲು ಹೋಗಿದ್ದ. ಪರಂಗಿಕಾಯಿ ತುರಿದು ಮಾಡಿದ ಸಲಾಡ್ ಬಂದಾಗ ಗೈಡ್ ನನ್ನ ಪಕ್ಕ ಬಗ್ಗಿ ಮೆಲ್ಲಗೆ ಹೇಳಿದ: “ಮೇಡಂ, ಸ್ವಲ್ಪ ಫಿಶ್ ಸಾಸ್ ಹಾಕಿದ್ದಾರೆ. ವಾಪಸ್ ಕೊಟ್ಟು ಬೇರೆ ಮಾಡಿಸಲಾ?”

ಅವನು ಹೇಳದಿದ್ದರೂ ನನಗೆ ಗೊತ್ತಾಗುತ್ತಿತ್ತು. ಲಾಸ್ ಏಂಜಲೀಸಿನಲ್ಲಿ ಹನ್ನೆರಡು ವರ್ಷ ಆಫೀಸಿನವರ ಜೊತೆ ಥಾಯ್ ಊಟ ಮಾಡಿದ ಮೂಗು ನನ್ನದು.

“ಪರವಾಗಿಲ್ಲ, ಬಿಡಿ” ಎಂದೆ.

ಅತ್ತೆ ತಟ್ಟೆ ನೋಡಿ, “ತಿನ್ಬೋದೇನೇ ಇದನ್ನ?” ಎಂದು ನನ್ನನ್ನೇ ಕೇಳಿದರು. ಮಗ ಪಕ್ಕದಲ್ಲಿಲ್ಲದಾಗ ಇಂಗ್ಲಿಷ್ ಬಾರದ ಅವರಿಗೆ ನಾನೇ ಗತಿ.

“ತಿನ್ನಿ ಅತ್ತೆ. ಬರೀ ಪರಂಗಿಕಾಯಿ.”

ತಿಂದರು. ನಮ್ಮ ಕೋಸಂಬರಿ ಥರಾನೇ ಇದೆ ಎಂದು ಇನ್ನೊಂದು ಸಲ ಹಾಕಿಸಿಕೊಂಡರು, ಬೆರಳು ನೆಕ್ಕಿದರು. ನನಗೆ ಎಷ್ಟು ಖುಷಿಯಾಯಿತೆಂದರೆ ಅನ್ನ ಸೇರಲಿಲ್ಲ.

ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ದೋಣಿ ಹತ್ತಿದ ಮೇಲೆ ಅತ್ತೆಗೆ ಅದನ್ನು ಬೆಂಗಳೂರಿನಲ್ಲಿ ಮಾಡುವ ಆಸೆ ಹುಟ್ಟಿತು. ಹೇಗೆ ಮಾಡೋದು ಕೇಳು ಎಂದು ಮಗನನ್ನು ತಿವಿದರು. ಗೈಡಿಗೆ ಸಂಭ್ರಮ. ಬೆಳಗಿನಿಂದ ಬರೀ ಬೈದಿದ್ದ ಅಜ್ಜಿ ಮೊದಲ ಸಲ ಏನೋ ಮೆಚ್ಚಿದ್ದರು. ಬೆರಳು ಮಡಚುತ್ತ ಹೇಳಿದ: ಪರಂಗಿಕಾಯಿ, ಕಡಲೆಬೀಜ, ನಿಂಬೆಹುಳಿ, ಮೆಣಸಿನಕಾಯಿ, ತಾಳೆಬೆಲ್ಲ, ಎರಡು ಚಮಚ ಫಿಶ್ ಸಾಸ್.

ಗಂಡನ ಮುಖ ನೋಡಿಯೇ ಅತ್ತೆಗೆ ಅರ್ಥವಾಯಿತು. ದೋಣಿಯ ಅಂಚಿಗೆ ಬಾಗಿ ಗಂಟಲಿಗೆ ಬೆರಳು ಹಾಕಿಕೊಂಡರು. ಗಂಡ ಎದ್ದು ನಿಂತು ಅಷ್ಟು ಜನರ ಮುಂದೆ ಗೈಡಿನ ಮೇಲೆ ಕೂಗಾಡಿದ. ಗೈಡ್ ನನ್ನ ಮುಖ ನೋಡುತ್ತ ನಿಂತ. ನಾನೇ ಹೇಳಲಿ ಎಂದು ಕಾಯುತ್ತಿದ್ದ. ನಾನು ಅತ್ತೆಯ ಬೆನ್ನು ಸವರುತ್ತಿದ್ದೆ. ಕೊನೆಗೆ ಅವನೇ ಕೈಜೋಡಿಸಿ ಸಾರಿ ಎಂದ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ನಾನು ಅತ್ತೆಯ ಮೇಲೇ ತೀರಿಸಿಕೊಂಡೆ. ಆದರೂ ಪೆಟ್ಟು ಬಿದ್ದದ್ದು ಕೊತ್ತಿಗೇ.

ರೆಡೊಂಡೊ ಬೀಚಿಗೆ ಮರಳಿದ ಮೇಲೆ ಗಂಡ ರಿವ್ಯೂ ಬರೆದ. ಒಂದು ಸ್ಟಾರ್. ಕಾಗುಣಿತ ತಿದ್ದಿಕೊಟ್ಟವಳು ನಾನು. ವಾರದ ನಂತರ, ಭಾನುವಾರ ಬೆಳಿಗ್ಗೆ, ಅತ್ತೆಯ ಜೊತೆ ವಿಡಿಯೋ ಕಾಲಿನಲ್ಲಿದ್ದಾಗ ಟೂರ್ ಕಂಪನಿಯ ಮೇಲ್ ಬಂತು. ಗಂಡ ಗಟ್ಟಿಯಾಗಿ ಓದಿದ. ಊಟದ ವೇಳೆಯಲ್ಲಿ ಮೇಡಂಗೆ ತಿಳಿಸಿದ್ದೆ, ಅವರು ಒಪ್ಪಿದ್ದರು ಎಂದು ಗೈಡ್ ಹೇಳುತ್ತಿದ್ದಾನೆ. ಮೇಡಂ ಹೌದೆಂದರೆ ಅವನನ್ನು ಕೆಲಸಕ್ಕೆ ವಾಪಸ್ ತೆಗೆದುಕೊಳ್ಳುತ್ತೇವೆ, ಇಲ್ಲವೆಂದರೆ ಅವನಿಗೆ ನಮ್ಮಲ್ಲಿ ಜಾಗವಿಲ್ಲ.

“ನಿಂಗೆ ಹೇಳಿದ್ನಾ?” ಎಂದ ಗಂಡ.

ಫೋನಿನೊಳಗಿಂದ ಅತ್ತೆ ನನ್ನನ್ನೇ ನೋಡುತ್ತಿದ್ದರು.

“ಇಲ್ಲಪ್ಪ” ಎಂದೆ. “ಸುಳ್ಳು ಹೇಳ್ತಿದಾನೆ.”

“ಅವಳನ್ನ ಏನೋ ಕೇಳ್ತೀಯ?” ಅತ್ತೆ ಮಗನನ್ನು ಗದರಿದರು. “ನನ್ ಸೊಸೆ ಅಂಥೋಳಲ್ಲ.”

ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಅತ್ತೆ ನನ್ನನ್ನು ಮೊದಲ ಸಲ ಹೊಗಳಿದ್ದರು. ಗಂಡ ಎರಡು ಸಾಲು ಟೈಪ್ ಮಾಡಿ, ಸೆಂಡ್ ಒತ್ತಿ, ತಿಂಡಿ ಏನು ಎಂದು ಕೇಳಿದ.